ಕಡಲ ಹುಲ್ಲು ಕೆಟ್ಟರೆ ಹೊಲಕ್ಕೆ ಹಕ್ಕಿ



ಬೆಳೆಗೆ ಹಕ್ಕಿಯ ಹಿಂಡು ಇಳಿದಾಗ ನಾವು ಮೊದಲು ಕೈಹಾಕುವುದು ಕವಣೆಗೆ, ಇಲ್ಲವೆ ತಮಟೆಗೆ. ಹಕ್ಕಿ ತನ್ನ ಮೇವಿನ ಜಾಗ ಬಿಟ್ಟು ಇಲ್ಲಿಗೇಕೆ ಬಂತು ಎಂದು ಕೇಳುವುದು ಕಡಮೆ. ಈ ಪ್ರಶ್ನೆ ಕೇಳಿ ಉತ್ತರ ಕಂಡುಕೊಂಡ ಪ್ರಸಂಗವೊಂದನ್ನು ಇಲ್ಲಿ ವಿವರಿಸಲಾಗಿದೆ. ಇದು ನಡೆದದ್ದು ದೂರದ ಇಂಗ್ಲೆಂಡ್ ಮತ್ತು ಹಾಲೆಂಡ್ ದೇಶಗಳ ಕರಾವಳಿಯಲ್ಲಿ. ಆದರೂ ಇದರ ಪಾಠ ನಮ್ಮ ಕೆರೆಯಂಚಿನ ಹೊಲಗಳಿಗೂ ಸಲ್ಲುತ್ತದೆ.

ಕಡಲೊಳಗಿನ ಹುಲ್ಲುಗಾವಲು

ಆಳವಿಲ್ಲದ ಕಡಲ ನೀರಿನಲ್ಲಿ, ಉಬ್ಬರ ಇಳಿತದ ಕೆಸರಿನಲ್ಲಿ ಬೆಳೆಯುವ ಒಂದು ಬಗೆಯ ಸಸ್ಯವುಂಟು. ಇದಕ್ಕೆ ಕಡಲ ಹುಲ್ಲು ಎನ್ನುತ್ತಾರೆ. ಇದು ಪಾಚಿಯಲ್ಲ. ನಮ್ಮ ಗರಿಕೆಯಂತೆ ಇದಕ್ಕೂ ಬೇರು, ನೆಲದಡಿ ಹಬ್ಬುವ ಕಾಂಡ, ಎಲೆ, ಹೂವು ಮತ್ತು ಬೀಜಗಳಿವೆ. ಪರಾಗಸ್ಪರ್ಶವೂ ನೀರಿನಲ್ಲಿಯೇ ಆಗುತ್ತದೆ. ಬೇರುಗಳು ಕೆಸರನ್ನು ಹಿಡಿದಿಡುತ್ತವೆ. ಎಲೆಗಳ ನಡುವೆ ಮೀನು ಸಿಗಡಿಗಳ ಮರಿಗಳು ಬೆಳೆಯುತ್ತವೆ. ನಮ್ಮ ದೇಶದಲ್ಲಿ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ ಮತ್ತು ಒಡಿಶಾದ ಚಿಲಿಕಾ ಸರೋವರದಲ್ಲಿ ಇಂತಹ ಹುಲ್ಲುಗಾವಲುಗಳಿವೆ.

ಯುರೋಪಿನ ಕರಾವಳಿಯಲ್ಲಿ ಮುಖ್ಯವಾದುದು ಜೊಸ್ಟೆರಾ ಎಂಬ ಜಾತಿ. ಹಾಲೆಂಡಿನ ವೀರಿಂಗನ್ ಪ್ರದೇಶದ ಜನ ಇದನ್ನು ಕೊಯ್ದು ಒಣಗಿಸಿ ಹಾಸಿಗೆಗೆ ತುಂಬುತ್ತಿದ್ದರು. ಕಡಲ ಏರಿಗಳಿಗೂ ಬಳಸುತ್ತಿದ್ದರು. ಸೈಬೀರಿಯದ ತೈಮಿರ್ ಪ್ರದೇಶದಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಬರುವ ಬ್ರೆಂಟ್ ಹೆಬ್ಬಾತುಗಳಿಗೆ ಇದೇ ಮುಖ್ಯ ಮೇವು.

ರೋಗ ಬಂದಿತು

1930ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಜೊಸ್ಟೆರಾದ ಎಲೆಗಳ ಮೇಲೆ ಕಪ್ಪು ಮಚ್ಚೆಗಳು ಕಂಡವು. ಎರಡು ಮೂರು ವರ್ಷಗಳಲ್ಲಿ ಅಲ್ಲಿನ ಕಡಲ ಹುಲ್ಲಿನ ಸುಮಾರು 90 ಪಾಲು ನಾಶವಾಯಿತು. ಲ್ಯಾಬಿರಿಂತುಲಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು 1980ರ ದಶಕದ ಕೊನೆಯಲ್ಲಿ ಪ್ರಯೋಗಗಳಿಂದ ಖಚಿತವಾಯಿತು. ಸಿಹಿನೀರು ಬೆರೆತು ಉಪ್ಪು ಕಡಮೆಯಿದ್ದ ಅಳಿವೆಗಳಲ್ಲಿ ಮಾತ್ರ ಈ ಹುಲ್ಲು ಚೆನ್ನಾಗಿ ಉಳಿಯಿತು. ಹಾಲೆಂಡಿನಲ್ಲಿ 1932ರಲ್ಲಿ ಕಡಲಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಏರಿಯಿಂದ ನೀರಿನ ಹರಿವೂ ಬದಲಾಗಿ, ಹುಲ್ಲು ಮರಳಿ ಬೆಳೆಯುವುದು ಕಷ್ಟವಾಯಿತು.

ಮೇವು ಹೋದ ಮೇಲೆ ಹಕ್ಕಿಗಳೂ ಕಡಮೆಯಾದವು. ಬೇಟೆಯೂ ಅದಕ್ಕೆ ಸೇರಿತು. 1950ರ ದಶಕದ ನಡುವೆ ಈ ಜಾತಿಯ ಕಪ್ಪು ಹೊಟ್ಟೆಯ ಹೆಬ್ಬಾತುಗಳು ಸುಮಾರು 16 ಸಾವಿರ ಮಾತ್ರ ಉಳಿದಿದ್ದವು. ಬ್ರಿಟನ್ನಿನಲ್ಲಿ 1954ರಲ್ಲಿ, ಡೆನ್ಮಾರ್ಕಿನಲ್ಲಿ 1972ರಲ್ಲಿ ಇವುಗಳ ಬೇಟೆ ನಿಂತಿತು. ಕ್ರಮೇಣ ಸಂತತಿ ಬೆಳೆದು 1990ರ ದಶಕದ ಆರಂಭದ ವೇಳೆಗೆ 3 ಲಕ್ಷದ ಸಮೀಪಕ್ಕೆ ಬಂದಿತು.

ಗೋಧಿ ಹೊಲಕ್ಕೆ ಇಳಿದ ಹಿಂಡು

ಹಕ್ಕಿ ಹೆಚ್ಚಿತು, ಆದರೆ ಹಳೆಯ ಮೇವು ಮೊದಲಿನಷ್ಟು ಮರಳಲಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ರೈತರು ತಮ್ಮ ಚಳಿಗಾಲದ ಗೋಧಿಯ ಮೇಲೆ ಸಾವಿರಾರು ಹೆಬ್ಬಾತುಗಳು ಇಳಿಯುವುದನ್ನು ಕಂಡರು. ಆ ಸಮಯದಲ್ಲಿಯೇ ಅಲ್ಲಿನ ಮ್ಯಾಪ್ಲಿನ್ ಎಂಬಲ್ಲಿ ವಿಮಾನ ನಿಲ್ದಾಣ ಕಟ್ಟುವ ಯೋಜನೆಯಿತ್ತು. ಅದನ್ನು 1974ರಲ್ಲಿ ಕೈಬಿಡಲಾಯಿತು. ಆ ಕರಾವಳಿಯಲ್ಲಿ ವಿಜ್ಞಾನಿಗಳು ಹಕ್ಕಿಗಳ ಮೇವಿನ ಕ್ರಮವನ್ನು ತಿಂಗಳು ತಿಂಗಳೂ ಅಭ್ಯಾಸ ಮಾಡಿದರು.

ಕಂಡುಬಂದ ಸಂಗತಿ ಇಷ್ಟು. ಶರತ್ಕಾಲದಲ್ಲಿ ಬಂದೊಡನೆ ಹೆಬ್ಬಾತುಗಳು ಕೆಸರಿನಲ್ಲಿ ಉಳಿದಿದ್ದ ಸಣ್ಣ ಜಾತಿಯ ಕಡಲ ಹುಲ್ಲನ್ನೇ ಮೇಯುತ್ತವೆ. ಅದು ಮುಗಿದ ಮೇಲೆ ಹಸುರು ಪಾಚಿಗೆ ಬಾಯಿಹಾಕುತ್ತವೆ. ಅದೂ ತೀರಿದಾಗ ಏರಿ ದಾಟಿ ಗೋಧಿಗೂ ಹುಲ್ಲುಗಾವಲಿಗೂ ಬರುತ್ತವೆ. ಅಂದರೆ ಹೊಲ ಅವುಗಳ ಮೊದಲ ಆಯ್ಕೆಯಲ್ಲ. ಕಡಲಿನ ಮೇವು ಬೇಗ ಮುಗಿದಷ್ಟೂ ಹೊಲಕ್ಕೆ ಬರುವುದು ಬೇಗ.

ಬರಿಯ ಗದ್ದಲ ಸಾಲದು

ಹೆಬ್ಬಾತಿನ ಹೊಟ್ಟೆಯಲ್ಲಿ ಮೇವು ಬೇಗ ಹಾದುಹೋಗುತ್ತದೆ. ನಾರು ಸರಿಯಾಗಿ ಜೀರ್ಣವಾಗದು. ಆದುದರಿಂದ ಅದು ಹಗಲೆಲ್ಲ ಮೇಯಬೇಕು. ಎಳೆಯ, ಸಾರಜನಕ ಹೆಚ್ಚಿರುವ ಎಲೆಯನ್ನೇ ಆರಿಸಬೇಕು. ಒಂದು ಹೊಲದಿಂದ ಓಡಿಸಿದರೆ ಪಕ್ಕದವನ ಹೊಲಕ್ಕೆ ಹೋಗುವುದೇ ಹೊರತು ಹಸಿವು ಹೋಗದು.

ಇದನ್ನರಿತು ಇನ್ನೊಂದು ಉಪಾಯ ಮಾಡಲಾಯಿತು. ಕರಾವಳಿಗೆ ಹತ್ತಿರದ ಕೆಲವು ಹುಲ್ಲು ತಾಕುಗಳನ್ನು ಹಕ್ಕಿಗಳಿಗೆಂದೇ ಬಿಟ್ಟು, ಗೊಬ್ಬರ ಹಾಕಿ, ಕತ್ತರಿಸಿ ಇಲ್ಲವೆ ದನಕುರಿ ಮೇಯಿಸಿ ಹುಲ್ಲನ್ನು ಗಿಡ್ಡವಾಗಿ ಇರಿಸಲಾಯಿತು. ಅಲ್ಲಿ ಯಾರೂ ಹೆದರಿಸುವುದಿಲ್ಲ. ಬೆಳೆಯಿರುವ ಹೊಲಗಳಲ್ಲಿ ಮಾತ್ರ ಹೆದರಿಸುತ್ತಾರೆ. ಹಾಲೆಂಡಿನ ಟೆಕ್ಸೆಲ್ ದ್ವೀಪದಲ್ಲಿ ಹೀಗೆ ಬಿಟ್ಟ ಜಾಗವಿದೆ. ಓಡಿಸುವುದು, ಇರಗೊಡುವುದು ಎರಡೂ ಜೊತೆಗಿದ್ದರೇ ಫಲ.

ಕಡಲಿನಲ್ಲಿ ಬಿತ್ತನೆ

ಮೂಲ ಕಾರಣಕ್ಕೂ ಮದ್ದು ಉಂಟು. ಇದೇ ರೋಗದಿಂದಲೂ 1933ರ ಚಂಡಮಾರುತದಿಂದಲೂ ಅಮೆರಿಕದ ವರ್ಜೀನಿಯಾ ಕರಾವಳಿಯ ಕೊಲ್ಲಿಗಳು ಬರಿದಾಗಿದ್ದವು. ಅಲ್ಲಿ 1999ರಿಂದ ಸಂಶೋಧಕರು ಬೇರೆಡೆಯ ಜೊಸ್ಟೆರಾ ಬೀಜ ಸಂಗ್ರಹಿಸಿ ನೀರಿನಲ್ಲಿ ಎರಚುತ್ತ ಬಂದರು. 7 ಕೋಟಿಗೂ ಹೆಚ್ಚು ಬೀಜ ಬಿತ್ತಿದರು. ಸುಮಾರು 20 ವರ್ಷಗಳಲ್ಲಿ 3,600 ಹೆಕ್ಟೇರಿನಷ್ಟು ಹುಲ್ಲುಗಾವಲು ಎದ್ದಿತು. ನೀರು ತಿಳಿಯಾಯಿತು, ಮೀನುಗಳು ಹೆಚ್ಚಿದವು. ಒಳ್ಳೆಯ ಬೀಜ, ಸರಿಯಾದ ಜಾಗ, ತಾಳ್ಮೆ. ರೈತನಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ.

ಆದರೆ ಕಡಲ ಹುಲ್ಲಿಗೆ ಬೆಳಕು ಬೇಕು. ಹೊಲದಿಂದ ಕೊಚ್ಚಿಹೋದ ಮಣ್ಣು ನೀರನ್ನು ಕದಡಿದರೂ, ಬಸಿದುಹೋದ ಸಾರಜನಕ ಪಾಚಿಯನ್ನು ಬೆಳೆಸಿದರೂ ಅದು ನೆರಳಿಗೆ ಸಿಕ್ಕಿ ಸಾಯುತ್ತದೆ. ಇಲ್ಲಿ ಬದುವೂ ಹದವರಿತ ಗೊಬ್ಬರವೂ ಕಡಲಿಗೂ ಉಪಕಾರಿ.

ನಾವು ಮಾಡಬಹುದಾದುದು

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆಯಲ್ಲಿ ತಂಗಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಂತಹ ಕೆರೆಗಳ ಬಳಿ ಬೇಸಾಯ ಮಾಡುವವರು ಈ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಹಕ್ಕಿ ಯಾವ ತಿಂಗಳು, ಯಾವ ಬೆಳೆಗೆ, ಬೆಳೆಯ ಯಾವ ಹಂತದಲ್ಲಿ ಇಳಿಯಿತೆಂದು ಬರೆದಿಡಿ. ಮುಂದಿನ ವರ್ಷ ಇದೇ ನಿಮಗೆ ದಾರಿ.

2. ಒಬ್ಬೊಬ್ಬರೇ ಓಡಿಸಬೇಡಿ. ಊರಿನವರು ಕೂಡಿ ಬೆಳೆಯಿರುವ ಕಡೆ ಕಾಯಿರಿ. ಕೆರೆಯಂಗಳ, ಕೂಳೆ ಹೊಲಗಳಲ್ಲಿ ಹಕ್ಕಿಯನ್ನು ಅದರ ಪಾಡಿಗೆ ಬಿಡಿ.

3. ಕೆರೆಯಂಗಳದ ಹುಲ್ಲು, ಜೊಂಡುಗಳನ್ನು ಉತ್ತು ಒತ್ತುವರಿ ಮಾಡಬೇಡಿ. ಅಲ್ಲಿ ಮೇವು ಹೋದರೆ ಹಕ್ಕಿ ನಿಮ್ಮ ಹೊಲಕ್ಕೇ ಬರುವುದು.

4. ವಿಷವಿಡುವುದು, ಬಲೆ ಹಾಕುವುದು 1972ರ ವನ್ಯಜೀವಿ ಕಾನೂನಿನಂತೆ ಅಪರಾಧ. ನಷ್ಟವಾದರೆ ಅರಣ್ಯ ಇಲಾಖೆಗೆ ತಿಳಿಸಿ.

ಎಸೆಕ್ಸಿನ ರೈತ ತನ್ನ ಗೋಧಿ ಹೊಲದಲ್ಲಿ ಕಂಡ ನಷ್ಟದ ಬೇರು 40 ವರ್ಷಗಳ ಹಿಂದೆ ಕಡಲಿನಲ್ಲಿ ಒಣಗಿದ ಹುಲ್ಲಿನಲ್ಲಿತ್ತು. ಹಕ್ಕಿ ಹೊಲಕ್ಕೆ ಬಂದಾಗ ಒಮ್ಮೆ ಕೆರೆಯ ಕಡೆಗೂ ತಿರುಗಿ ನೋಡುವುದು ಲೇಸು.