ಅಸಲು ಕರಗದ ಕಸುಬು
ಹಿಮಾಲಯದ ಭೂರ್ಜವೃಕ್ಷದ ಕುಲಕ್ಕೇ ಸೇರಿದ ಬರ್ಚ್ ಮರದ ತೊಗಟೆಯಿಂದ ಫಿನ್ಲೆಂಡಿನ ಕುಶಲಕರ್ಮಿಗಳು ಬೆನ್ನುಚೀಲ, ಬುಟ್ಟಿ, ಚಾಕುವಿನ ಒರೆಗಳನ್ನು ತಯಾರಿಸುತ್ತಾರೆ. ತೊಗಟೆಯಲ್ಲಿರುವ ಬೆಟುಲಿನ್ ನೀರನ್ನು ತಡೆಯುವುದರಿಂದ ಇವು ಹೊರಾಂಗಣದ ಬಳಕೆಗೆ ಯೋಗ್ಯವಾಗಿವೆ.

ಬೇಸಿಗೆಯ ಆರಂಭದಲ್ಲಿ, ಮರದಲ್ಲಿ ರಸ ಹರಿಯುವ ಕೆಲವೇ ವಾರಗಳಲ್ಲಿ ತೊಗಟೆ ಸುಲಭವಾಗಿ ಕಳಚಿ ಬರುತ್ತದೆ. ವರ್ಷದ ಕಚ್ಚಾಮಾಲಿನ ಸಂಗ್ರಹಕ್ಕೆ ಅದೇ ತಕ್ಕ ಕಾಲ. ಆದರೆ ಸುಲಿಯುವಾಗ ಒಳತೊಗಟೆಗೆ ಪೆಟ್ಟಾದರೆ ಮರವೇ ಸಾಯಬಹುದು; ಸುಲಿದ ಜಾಗದಲ್ಲಿ ಅದೇ ಗುಣಮಟ್ಟದ ತೊಗಟೆ ಮತ್ತೆ ಬೆಳೆಯದು. ಅಲ್ಲಿನ ಕಾಡಿನಲ್ಲಿ ಹಣ್ಣು, ಅಣಬೆಗಳನ್ನು ಆಯಲು ಎಲ್ಲರಿಗೂ ಹಕ್ಕುಂಟು. ತೊಗಟೆಗೆ ಮಾತ್ರ ಭೂಮಾಲೀಕರ ಅನುಮತಿ ಕಡ್ಡಾಯ. ಆದ್ದರಿಂದ ಕಡಿಯಲು ಗುರುತಿಸಿದ ಮರಗಳಿಂದಲೇ ತೊಗಟೆ ಪಡೆಯುವುದು ಕ್ಷೇಮ: ದಿಮ್ಮಿ ಕಾರ್ಖಾನೆಗೆ, ತೊಗಟೆ ಕುಶಲಕರ್ಮಿಗೆ.

ಅಸಲನ್ನೇ ಕರಗಿಸಿ ಲಾಭವೆಂದು ತೋರಿಸುವ ಲೆಕ್ಕ ಯಾವ ಉದ್ಯಮದಲ್ಲೂ ಬಹುಕಾಲ ನಿಲ್ಲದು.