ಪೂಲ್ ಆಟದ ಸಾರ್ವಕಾಲಿಕ ನಂಬರ್ ಒನ್ ಯಾರು?

‘ಜಗತ್ತಿನ ಟಾಪ್ 10 ಪೂಲ್ ಆಟಗಾರರು’ ಎಂಬ ಪಟ್ಟಿ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಯಾವ ಪೂಲ್?

ಅಮೆರಿಕದ ವಿಲ್ಲಿ ಮೊಸ್ಕೋನಿ 1954ರಲ್ಲಿ ಒಮ್ಮೆಯೂ ತಪ್ಪದೆ ಸತತ 526 ಚೆಂಡುಗಳನ್ನು ಪಾಕೆಟ್‌ಗೆ ಹಾಕಿದರು. ಅದು ಸ್ಟ್ರೈಟ್ ಪೂಲ್. ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಬೇಕು, ಆದರೆ ಆಯ್ಕೆ ಆಟಗಾರನದೇ. 2019ರಲ್ಲಿ ಜಾನ್ ಶ್ಮಿಟ್ 626 ಚೆಂಡು ಹಾಕಿ ಆ ದಾಖಲೆ ಮುರಿದರು, 2022ರಲ್ಲಿ ಜೇಸನ್ ಶಾ 714ಕ್ಕೆ ಏರಿಸಿದರು. ಹಾಗಾದರೆ ಇವರು ಮೊಸ್ಕೋನಿಗಿಂತ ದೊಡ್ಡವರೇ? ಅವಸರ ಬೇಡ. ಮೊಸ್ಕೋನಿ ಆಡಿದ್ದು 8 ಅಡಿ ಟೇಬಲ್‌ನ ಪ್ರದರ್ಶನ ಪಂದ್ಯ. ಶ್ಮಿಟ್ 9 ಅಡಿ ಟೇಬಲ್‌ನಲ್ಲಿ ದಾಖಲೆಗೆಂದೇ ಮತ್ತೆ ಮತ್ತೆ ಯತ್ನಿಸಿದವರು.

ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯಸ್ ಹುಟ್ಟಿದ್ದೇ 1954ರಲ್ಲಿ. ಅವರು 1999ರಲ್ಲಿ ವಿಶ್ವ ಚಾಂಪಿಯನ್ ಆದ ನೈನ್-ಬಾಲ್‌ನಲ್ಲಿ ಆಯ್ಕೆಯೇ ಇಲ್ಲ. ಟೇಬಲ್ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡನ್ನೇ ಮೊದಲು ಮುಟ್ಟಬೇಕು. ಅದು ಇನ್ನೊಂದರ ಹಿಂದೆ ಅಡಗಿದ್ದರೆ? ಬಿಳಿ ಚೆಂಡನ್ನು ಅಂಚಿಗೆ ಬಡಿಸಿ, ತಿರುಗಿಸಿ ತಾಗಿಸಬೇಕು. ಇಂಥ ಹೊಡೆತಗಳಿಗಾಗಿಯೇ ಅವರನ್ನು ‘ಮಾಂತ್ರಿಕ’ ಎನ್ನುವುದು. 2004ರಲ್ಲಿ ಎಯ್ಟ್-ಬಾಲ್ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ನನ್ನ ಓಟು ಅವರಿಗೇ.

ಅಂದಹಾಗೆ, ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಹೆಸರಿದ್ದರೆ ಅಲ್ಲೇ ಅನುಮಾನಿಸಿ. ಅವರ ವಿಶ್ವ ಕಿರೀಟಗಳು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ನವು. ಅವು 12 ಅಡಿ ಟೇಬಲ್‌ನ ಬೇರೆಯೇ ಆಟಗಳು.