ಬ್ರಷ್ ಮುಟ್ಟದ ಸಂದಿ: ದಂತ ವಿದ್ಯಾರ್ಥಿಗಳಿಗೂ ಗೊತ್ತು, ಆದ್ರೆ ಮಾಡೋರು ಕಡಿಮೆ

ಬಳ್ಳಾರಿ: ಊಟ ಮುಗೀತು. ಹಲ್ಲಿನ ಸಂದಿಯಲ್ಲಿ ಮಟನ್ ಎಳೆಯೋ ಅಡಿಕೆ ಚೂರೋ ಸಿಕ್ಕಿಕೊಂಡಿದೆ. ಆಗ ಕೈಗೆ ಸಿಗೋದು ಬೆಂಕಿಕಡ್ಡಿ, ಪೊರಕೆ ಕಡ್ಡಿ, ಇಲ್ಲಾಂದ್ರೆ ಪಿನ್ನು. ಸಿರುಗುಪ್ಪದ ಖಾನಾವಳಿ ಇರಲಿ, ಕುರುಗೋಡಿನ ಚಹಾ ಅಂಗಡಿ ಇರಲಿ, ದಿನಾ ಕಾಣೋದೇ ಇದು. ಚೂರು ಹೊರಗೆ ಬರುತ್ತೆ, ಜೊತೆಗೆ ವಸಡೂ ಗಾಯ ಆಗುತ್ತೆ.

ಬ್ರಷ್ ಎಷ್ಟೇ ಒಳ್ಳೇದಿದ್ದರೂ ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗಕ್ಕೆ ಅದು ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಕೂರುವ ಅಂಟು ಪದರಕ್ಕೆ ಪ್ಲಾಕ್ ಅಂತಾರೆ. ಅದು ಗಟ್ಟಿಯಾದರೆ ಮನೆಯಲ್ಲಿ ಉಜ್ಜಿದರೆ ಹೋಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಬಿಟ್ಟರೆ ವಸಡು ಊದಿ ರಕ್ತ ಬರುತ್ತೆ, ಕೆಲವರಿಗೆ ಹಲ್ಲು ಹಿಡಿದಿರುವ ಮೂಳೆಯೇ ಕರಗಿ ಹಲ್ಲು ಅಲ್ಲಾಡುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಇದೆಲ್ಲ ಬಿಡಿಎಸ್ ಓದುವವರ ಪಾಠದಲ್ಲೇ ಇದೆ. ಬಳ್ಳಾರಿಯಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಆದರೆ ದೇಶ ವಿದೇಶದ ದಂತ ಕಾಲೇಜುಗಳಲ್ಲಿ ನಡೆದ ಸಮೀಕ್ಷೆಗಳನ್ನು ನೋಡಿದರೆ, ಫ್ಲಾಸ್ ಹೆಸರು ಬಲ್ಲ ವಿದ್ಯಾರ್ಥಿಗಳಿಗಿಂತ ಅದನ್ನು ದಿನಾ ಬಳಸುವವರು ಕಡಿಮೆ. ಟೈಮಿಲ್ಲ, ಬೇಜಾರು, ಅಭ್ಯಾಸ ಆಗಿಲ್ಲ ಅನ್ನುವುದೇ ಕಾರಣ. ನಾಳೆ ನಮಗೆ ಹೇಳಿಕೊಡಬೇಕಾದವರು ಇವರೇ. ತಾನೇ ಮಾಡದವರು ರೋಗಿ ಕೈ ಹಿಡಿದು ಹೇಗೆ ಕಲಿಸ್ತಾರೆ? ಹಾಗಾಗಿ ದಂತ ವೈದ್ಯರ ಹತ್ತಿರ ಹೋದಾಗ, "ಒಮ್ಮೆ ಕನ್ನಡಿ ಮುಂದೆ ಮಾಡಿ ತೋರಿಸಿ" ಅಂತ ನಾವೇ ಕೇಳಬೇಕು.

ಫ್ಲಾಸ್ ಅಂದ್ರೆ ತೆಳು ದಾರ. ಸುಮಾರು ಒಂದೂವರೆ ಅಡಿ ತಗೊಂಡು ಎರಡೂ ಕೈಯ ನಡುಬೆರಳಿಗೆ ಸುತ್ತಿ, ಸಂದಿಗೆ ನಿಧಾನಕ್ಕೆ ಇಳಿಸಿ, ಹಲ್ಲಿಗೆ ತಬ್ಬಿಸಿ ಮೇಲೆ ಕೆಳಗೆ ಎಳೆಯಬೇಕು. ಜೋರಾಗಿ ಒತ್ತಿದರೆ ವಸಡು ಕೊಯ್ಯುತ್ತೆ. ಸಂದಿ ಅಗಲ ಇದ್ದವರಿಗೆ ಬಾಟಲಿ ತೊಳೆಯುವ ಬ್ರಷ್‌ನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ಸುಲಭ. 2019ರ ಕಾಕ್ರೇನ್ ಪರಾಮರ್ಶೆ ಪ್ರಕಾರ ಬರೀ ಬ್ರಷ್‌ಗಿಂತ ಇವನ್ನೂ ಸೇರಿಸಿದರೆ ವಸಡಿನ ಊತ ಇನ್ನಷ್ಟು ಕಡಿಮೆಯಾಗಬಹುದು. ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತಲೂ ಅದೇ ಹೇಳುತ್ತೆ.

ಮೆಡಿಕಲ್ ಅಂಗಡಿಯವರಿಗೆ ಒಂದು ಮಾತು: ಈ ಬ್ರಷ್ ಬೇರೆ ಬೇರೆ ಸೈಜಿನಲ್ಲಿ ಬರುತ್ತೆ, ಒಂದೇ ಸೈಜ್ ಇಟ್ಟರೆ ಗಿರಾಕಿ ಸಂದಿಗೆ ಹೋಗದೆ ವಾಪಸ್ ತರ್ತಾರೆ. ಸಣ್ಣ, ಮಧ್ಯಮ ಎರಡಾದರೂ ಇರಲಿ.

ಶುರುವಿನ ದಿನಗಳಲ್ಲಿ ಸ್ವಲ್ಪ ರಕ್ತ ಕಂಡರೆ ಹೆದರಿ ಬಿಡಬೇಡಿ. ಎರಡು ವಾರ ಆದರೂ ನಿಲ್ಲದಿದ್ದರೆ ದಂತ ವೈದ್ಯರಿಗೆ ತೋರಿಸಿ.